ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತೆ? ಒಳಚರಂಡಿ ಕಟ್ಟಿಸುವ ನಾರಿನ ವಿಜ್ಞಾನ

"ಈ ವೆಟ್ ವೈಪ್ ಫ್ಲಶ್ ಮಾಡಬಹುದು, ನೀರಲ್ಲಿ ಕರಗಿಹೋಗುತ್ತೆ."

"ಬಚ್ಚಲು ಕಟ್ಟಿಕೊಂಡಿದ್ಯಾ? ಎರಡು ಚಮಚ ಅಡುಗೆ ಸೋಡಾ, ಮೇಲೆ ಅರ್ಧ ಲೋಟ ವಿನಿಗರ್. ಪ್ಲಂಬರ್‌ಗೆ ಕೊಡೋ ದುಡ್ಡು ಉಳೀತು!"

"ಕೂದಲು, ದಾರ, ಹತ್ತಿ ಎಲ್ಲ ತೆಳು. ಪೈಪ್ ಕಟ್ಟಿಸೋದು ಕಲ್ಲು, ಮರಳು, ಪ್ಲಾಸ್ಟಿಕ್ ಮಾತ್ರ."

ಇಂಥ ಮೆಸೇಜುಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಚಿಕ್ಕ ಉತ್ತರ ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ: ಮೊದಲನೆಯದು ಮತ್ತು ಮೂರನೆಯದು ತಪ್ಪು, ಎರಡನೆಯದು ಬಹುಪಾಲು ತಪ್ಪು. ಮೂರಕ್ಕೂ ಕಾರಣ ಒಂದೇ. ನೀರಿನಲ್ಲಿ ತೇಲುವ ವಸ್ತು ಎಷ್ಟು ದೊಡ್ಡದು, ಎಷ್ಟು ಗಟ್ಟಿ ಅನ್ನುವುದನ್ನು ನಾವು ನೋಡುತ್ತೇವೆ. ಅದರ ಆಕಾರವನ್ನು ನೋಡುವುದಿಲ್ಲ. ಉದ್ದವಾಗಿ, ತೆಳ್ಳಗೆ, ಬಳುಕುವ ಎಳೆಯಾಗಿದ್ದರೆ ಚಿಟಿಕೆಯಷ್ಟು ವಸ್ತುವೂ ನೀರಿನ ನಡತೆಯನ್ನೇ ಬದಲಾಯಿಸುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಮೊದಲು ನೆಲದ ಕೆಳಗೆ ಏನಿದೆ ಅಂತ ನೋಡಬೇಕು.

ಹಳೇ ಬಡಾವಣೆಗಳ ಕೆಳಗೆ

ಮಲ್ಲೇಶ್ವರ ಮತ್ತು ಬಸವನಗುಡಿ ಹುಟ್ಟಿದ್ದೇ ಆರೋಗ್ಯದ ಕಾರಣಕ್ಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಗಾಳಿ ಬೆಳಕಿರುವ ಹೊಸ ಬಡಾವಣೆಗಳನ್ನು ಮಾಡಿದರು. ಚಾಮರಾಜಪೇಟೆ ಅದಕ್ಕೂ ಕೆಲವು ವರ್ಷ ಮೊದಲಿನದು. ಈ ಬಡಾವಣೆಗಳಲ್ಲಿ ಓಡಾಡಿದವರಿಗೆ ಮನೆಗಳ ಹಿಂಬದಿಯ ಕಿರಿದಾದ ಗಲ್ಲಿಗಳು ಗೊತ್ತಿರುತ್ತವೆ. ಅವುಗಳ ಹೆಸರು ಕನ್ಸರ್ವೆನ್ಸಿ ಲೇನ್. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಕಸ ಸುರಿಯುತ್ತಾರೆ. ಆದರೆ ಅವುಗಳನ್ನು ಬಿಟ್ಟಿದ್ದು ಹಿತ್ತಲ ಕಕ್ಕಸಿನಿಂದ ಮಲವನ್ನು ಎತ್ತಿಕೊಂಡು ಹೋಗುವವರು ಬರಲಿ ಅಂತ. ಮುಂಬಾಗಿಲಿನ ಬೀದಿಯಲ್ಲಿ ಅವರು ಕಾಣಬಾರದು ಅನ್ನುವುದೂ ಆ ನಕ್ಷೆಯಲ್ಲೇ ಇತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಬೆಂಗಳೂರು ಜಲಮಂಡಳಿ ಅಷ್ಟರಲ್ಲಿ, 1964ರಲ್ಲೇ, ಶುರುವಾಗಿತ್ತು. ಕೊಳೆ ಕ್ರಮೇಣ ನೆಲದ ಕೆಳಗೆ ಹೋಯಿತು.

ಕೆಳಗೆ ಹೋದದ್ದು ಪೈಪಿನಲ್ಲಿ ಹರಿಯುತ್ತದೆ. ಅದನ್ನು ತಳ್ಳಲು ಹೆಚ್ಚಿನ ಕಡೆ ಯಾವ ಪಂಪೂ ಇಲ್ಲ. ಪೈಪನ್ನು ಸ್ವಲ್ಪ ಇಳಿಜಾರಾಗಿ ಹಾಕಿರುತ್ತಾರೆ, ನೀರು ತಾನಾಗಿ ತಗ್ಗಿಗೆ ಹೋಗುತ್ತದೆ, ಅಷ್ಟೇ. ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಹುಟ್ಟುತ್ತಾಳೆ ಅಂತ ನಂಬುವ ವೃಷಭಾವತಿ ಹರಿದ ಕಣಿವೆಯ ದಿಕ್ಕಿನಲ್ಲೇ ಬಸವನಗುಡಿ, ಚಾಮರಾಜಪೇಟೆ ಕಡೆಯ ಕೊಳಚೆಯ ದೊಡ್ಡ ಪಾಲು ಮೈಸೂರು ರಸ್ತೆಯ ಕಡೆಗೆ ಇಳಿಯುತ್ತದೆ. (ರಾಜಕಾಲುವೆ ಬೇರೆ, ಒಳಚರಂಡಿ ಬೇರೆ. ಒಂದು ಮಳೆನೀರಿಗೆ, ಇನ್ನೊಂದು ಕಕ್ಕಸು ಬಚ್ಚಲಿಗೆ. ಅವು ಎಲ್ಲೆಲ್ಲಿ ಬೆರೆತುಹೋಗಿವೆ ಅನ್ನುವುದು ಇನ್ನೊಂದು ದೊಡ್ಡ ಕಥೆ.)

ನಮ್ಮ ದೇಶದ ಎಂಜಿನಿಯರುಗಳು ಅನುಸರಿಸುವ ಕೈಪಿಡಿಯ ಪ್ರಕಾರ, ದಿನದಲ್ಲಿ ನೀರು ಅತಿ ಹೆಚ್ಚು ಬರುವ ಹೊತ್ತಿನಲ್ಲಾದರೂ ಹರಿವು ಸೆಕೆಂಡಿಗೆ 0.6 ಮೀಟರ್ ವೇಗ ಮುಟ್ಟಬೇಕು. ಅಷ್ಟು ವೇಗವಿದ್ದರೆ ಮರಳು, ಮಣ್ಣು ತಳದಲ್ಲಿ ಕೂರದೆ ಕೊಚ್ಚಿಹೋಗುತ್ತವೆ. ಗಮನಿಸಿ, ಈ ಲೆಕ್ಕ ಮಾಡಿರುವುದು ಕಾಳಿನಂಥ ಕಣಗಳಿಗೆ. ನಾರಿಗೆ ಅಲ್ಲ. ಒಳಚರಂಡಿಯಲ್ಲಿ ಹರಿಯುವುದರಲ್ಲಿ ಶೇ 99ಕ್ಕಿಂತ ಹೆಚ್ಚು ಬರೀ ನೀರು. ಹಾಗಿದ್ದೂ ಅದು ನಿಂತುಹೋಗುತ್ತದೆ ಅಂದರೆ ಉಳಿದ ಆ ಒಂದು ಪಾಲಿಗಿಂತ ಕಡಿಮೆ ಇರುವುದರಲ್ಲಿ ಏನೋ ವಿಶೇಷವಿರಬೇಕು.

ಸಾಸಿವೆ ಮತ್ತು ಕೂದಲು

ನೀರಿಗೆ ಕರಗದ ಕಣಗಳನ್ನು ಹಾಕಿ ಕಲಕಿದರೆ ಆ ಮಿಶ್ರಣ ಬರೀ ನೀರಿಗಿಂತ ಮಂದವಾಗುತ್ತದೆ. ಈ ಮಂದತನಕ್ಕೆ ಪಠ್ಯಪುಸ್ತಕದಲ್ಲಿ ಸ್ನಿಗ್ಧತೆ ಅನ್ನುತ್ತಾರೆ. ತಿಳಿಸಾರು, ಹುಳಿ, ಗೊಜ್ಜು ಇವುಗಳ ನಡುವಿನ ವ್ಯತ್ಯಾಸವನ್ನು ಸೌಟು ಹಿಡಿದವರು ಯಾವ ಪುಸ್ತಕವೂ ಇಲ್ಲದೆ ಅಳೆಯುತ್ತಾರೆ.

ಎಷ್ಟು ಕಣ ಹಾಕಿದರೆ ಎಷ್ಟು ಮಂದವಾಗುತ್ತದೆ? ಇದನ್ನು ಲೆಕ್ಕ ಹಾಕಿದವರು ಐನ್‌ಸ್ಟೈನ್. 1906ರಲ್ಲಿ ಅವರು ಪ್ರಕಟಿಸಿದ ಸೂತ್ರದಲ್ಲಿ ಒಂದು ತಪ್ಪಿತ್ತು, 1911ರಲ್ಲಿ ತಿದ್ದಿದರು. ತಿದ್ದಿದ ಸೂತ್ರ ಹೇಳುವುದು ಇಷ್ಟು: ಗುಂಡಗಿನ ಕಣಗಳು ಒಟ್ಟು ಗಾತ್ರದ ಶೇ 1ರಷ್ಟಿದ್ದರೆ ಮಂದತನ ಶೇ 2.5ರಷ್ಟು ಹೆಚ್ಚುತ್ತದೆ. ಅಂದರೆ ಒಂದು ಲೀಟರ್‌ನಲ್ಲಿ 10 ಮಿಲಿಲೀಟರ್‌ನಷ್ಟು ಸಣ್ಣ ಗುಂಡುಕಣ ತೇಲಿಸಿದರೆ ನಿಮ್ಮ ಕೈಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಈಗ ಗುಂಡುಕಣದ ಬದಲು ಎಳೆಯನ್ನು ತೆಗೆದುಕೊಳ್ಳಿ. ಒಂದಡಿ, ಅಂದರೆ ಸುಮಾರು 30 ಸೆಂಟಿಮೀಟರ್ ಉದ್ದದ ತಲೆಗೂದಲು. ದಪ್ಪ ಒಂದು ಮಿಲಿಮೀಟರಿನ ಹದಿಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳೋಣ. ಇಡೀ ಕೂದಲನ್ನು ಹೇಗೋ ಉಂಡೆ ಮಾಡಿದರೆ ಅದರ ಗಾತ್ರ ಒಂದು ಸಾಸಿವೆ ಕಾಳಿಗಿಂತ ಹೆಚ್ಚಿರುವುದಿಲ್ಲ. ಆದರೆ ಅದೇ ಕೂದಲು ನೆಟ್ಟಗೆ ಚಾಚಿಕೊಂಡು ನೀರಿನಲ್ಲಿ ತಿರುಗಿದರೆ ಅದರ ಎರಡು ತುದಿಗಳು ಮುಟ್ಟುವ ಜಾಗ ಒಂದಡಿ ಅಗಲದ ಚೆಂಡಿನಷ್ಟು, ಫುಟ್‌ಬಾಲಿಗಿಂತ ದೊಡ್ಡದು. ಸಾಸಿವೆಯಷ್ಟು ವಸ್ತು, ಚೆಂಡಿನಷ್ಟು ಜಾಗ. ಲೆಕ್ಕ ಮಾಡಿದರೆ ತನ್ನ ಗಾತ್ರದ ಸುಮಾರು 1 ಕೋಟಿ ಪಟ್ಟು ಜಾಗದ ಮೇಲೆ ಆ ಕೂದಲಿನ ಹಕ್ಕಿದೆ!

ಕೂದಲು ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಸುರುಳಿಯಾಗುತ್ತದೆ, ಆದ್ದರಿಂದ ನಿಜವಾದ ಜಾಗ ಇದಕ್ಕಿಂತ ಕಡಿಮೆ. ಆದರೂ ಮುಖ್ಯ ವಿಷಯ ಬದಲಾಗುವುದಿಲ್ಲ. ಎರಡು ಸಾಸಿವೆ ಕಾಳುಗಳು ಒಂದು ಬಕೆಟ್ ನೀರಿನಲ್ಲಿ ಒಂದನ್ನೊಂದು ಮುಟ್ಟುವುದೇ ಅಪರೂಪ. ಎರಡು ಉದ್ದ ಕೂದಲು ಮುಟ್ಟದೇ ಇರುವುದು ಅಪರೂಪ.

ಕಾಗದ ತಯಾರಿಸುವ ವಿಜ್ಞಾನದಲ್ಲಿ ಇದಕ್ಕೆ ಒಂದು ಅಳತೆಯೇ ಇದೆ. ಕೆನಡಾದ ರಿಚರ್ಡ್ ಕೆರೆಕೆಸ್ ಬಳಕೆಗೆ ತಂದ ಈ ಅಳತೆಯನ್ನು ನಾವು 'ಇಕ್ಕಟ್ಟಿನ ಸಂಖ್ಯೆ' ಅನ್ನಬಹುದು. ಒಂದು ಎಳೆ ತಿರುಗಾಡುವ ಚೆಂಡಿನಷ್ಟು ಜಾಗದಲ್ಲಿ ಒಟ್ಟು ಎಷ್ಟು ಎಳೆಗಳಿವೆ ಅನ್ನುವ ಎಣಿಕೆ ಅದು. 1ಕ್ಕಿಂತ ಕಡಿಮೆ ಇದ್ದರೆ ಎಳೆಗಳು ತಮ್ಮ ಪಾಡಿಗೆ ಓಡಾಡುತ್ತವೆ. ಸುಮಾರು 60 ತಲುಪಿದಾಗ ಪ್ರತಿ ಎಳೆಗೂ ಸರಾಸರಿ ಮೂರು ಕಡೆ ಇನ್ನೊಂದು ಎಳೆ ತಾಗುತ್ತದೆ. ಆಮೇಲೆ ಅದು ನೀರಲ್ಲಿ ತೇಲುವ ಎಳೆಗಳ ಮಿಶ್ರಣವಲ್ಲ, ನೀರು ತುಂಬಿಕೊಂಡ ಬಲೆ. 2 ಮಿಲಿಮೀಟರ್ ಉದ್ದದ ಮರದ ನಾರಿಗೆ ಈ 60 ತಲುಪಲು ಒಟ್ಟು ಗಾತ್ರದಲ್ಲಿ ಶೇ 1ಕ್ಕಿಂತ ಕಡಿಮೆ ನಾರು ಸಾಕು. ಅದೇ ಶೇ 1 ಗುಂಡುಕಣ ನೀರನ್ನು ಶೇ 2.5 ಮಾತ್ರ ಮಂದ ಮಾಡಿತ್ತು, ನೆನಪಿದೆಯಲ್ಲ?

ಮನೆಯಲ್ಲೇ ನೋಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಸಾಸಿವೆ ಹಾಕಿ ಕಲಕಿ. ಇನ್ನೊಂದು ಲೋಟಕ್ಕೆ ಮೆಡಿಕಲ್ ಶಾಪಿನ ಹತ್ತಿಯನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಅರ್ಧ ಚಮಚ ಹಾಕಿ ಕಲಕಿ. ಸಾಸಿವೆಯ ಲೋಟದಲ್ಲಿ ಚಮಚ ಸಲೀಸಾಗಿ ತಿರುಗುತ್ತದೆ. ಹತ್ತಿಯ ಲೋಟದಲ್ಲಿ ಸ್ವಲ್ಪ ಹೊತ್ತಿಗೆ ಎಳೆಗಳು ಮೋಡದಂತೆ ಗುಂಪುಕಟ್ಟಿ ಚಮಚದ ಹಿಂದೆಯೇ ಬರುತ್ತವೆ. ಚಮಚ ಎತ್ತಿದರೆ ಅದಕ್ಕೆ ಜೋತುಬಿದ್ದಿರುತ್ತವೆ. ಜೋತುಬಿದ್ದ ಹತ್ತಿಯನ್ನು ಮತ್ತೆ ಬಿಡಿಬಿಡಿ ಎಳೆ ಮಾಡಲು ನೋಡಿ. ಆಗುವುದಿಲ್ಲ.

ಬಾಗುವ ಎಳೆ ಮಾಡುವ ಚೇಷ್ಟೆ

ಉದ್ದ ಮಾತ್ರವಲ್ಲ, ಎಳೆ ಬಾಗುತ್ತದೆಯೇ ಇಲ್ಲವೇ ಅನ್ನುವುದೂ ಮುಖ್ಯ. ಈ ಬರಹದ ತಿರುಳು ನನ್ನ ಪ್ರಕಾರ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಹರಿಯುವ ನೀರಿನಲ್ಲಿ ಗಟ್ಟಿ ಕಡ್ಡಿ ಹೇಗೆ ಚಲಿಸುತ್ತದೆ ಅಂತ 1922ರಲ್ಲಿ ಜೆಫ್ರಿ ಎಂಬ ಇಂಗ್ಲಿಷ್ ಗಣಿತಜ್ಞರು ಲೆಕ್ಕ ಹಾಕಿದರು. ಕಡ್ಡಿ ಹೆಚ್ಚು ಹೊತ್ತು ಹರಿವಿನ ದಿಕ್ಕಿಗೇ ಮಲಗಿರುತ್ತದೆ. ಆಗಾಗ ಸರಕ್ಕನೆ ಒಂದು ಪಲ್ಟಿ ಹೊಡೆದು ಮತ್ತೆ ಮಲಗುತ್ತದೆ. ಪೊರಕೆಕಡ್ಡಿಯೊಂದು ಮೋರಿಯಲ್ಲಿ ನೆಟ್ಟಗೆ ತೇಲಿಹೋಗುವುದನ್ನು ನೀವು ಕಂಡಿರುತ್ತೀರಿ.

ಬಳುಕುವ ಎಳೆಗೆ ಈ ಶಿಸ್ತಿಲ್ಲ. 1950ರ ದಶಕದಲ್ಲಿ ಕೆನಡಾದ ಸ್ಟ್ಯಾನ್ಲಿ ಮೇಸನ್ ಮತ್ತು ಸಂಗಡಿಗರು ಕಾಗದದ ನಾರುಗಳನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಪಲ್ಟಿ ಹೊಡೆಯುವ ಹೊತ್ತಿನಲ್ಲಿ ನಾರು ಬಿಲ್ಲಿನಂತೆ ಬಾಗುತ್ತದೆ. ಇನ್ನೂ ಮೆತ್ತಗಿದ್ದರೆ ಒಂದು ತುದಿ ಇನ್ನೊಂದರ ಮೇಲೆ ಹಾವಿನಂತೆ ಹರಿದು ತಿರುಗುತ್ತದೆ. ತೀರಾ ಮೆತ್ತಗಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಎಳೆಯ ದಪ್ಪ ಅರ್ಧವಾದರೆ ಅದರ ಬಿಗುಪು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ತೆಳು ಎಳೆಗಳು ಎಣಿಸಿದ್ದಕ್ಕಿಂತ ಬಹಳ ಬೇಗ ಬಾಗುತ್ತವೆ.

ಬಾಗಿದರೆ ಏನಾಯ್ತು? ಜೋರಾಗಿ ಹರಿಯುವ ನೀರಿನಲ್ಲಿ ನೂರಾರು ಎಳೆಗಳು ಬಾಗಿ, ಒಂದರೊಳಗೊಂದು ತೂರಿಕೊಂಡು ಓಡುತ್ತಿವೆ ಅಂತ ಊಹಿಸಿ. ಈಗ ಹರಿವು ನಿಧಾನವಾಯಿತು. ಬಾಗಿದ್ದ ಎಳೆ ಸ್ಪ್ರಿಂಗಿನ ಹಾಗೆ ಮತ್ತೆ ನೆಟ್ಟಗಾಗಲು ನೋಡುತ್ತದೆ. ಆದರೆ ಅಕ್ಕಪಕ್ಕದ ಎಳೆಗಳು ಅಡ್ಡ ಇವೆ. ಅದು ಅವನ್ನು ಒತ್ತುತ್ತದೆ, ಅವು ಅದನ್ನು ಒತ್ತುತ್ತವೆ. ತಾಗಿದ ಕಡೆಯೆಲ್ಲ ಘರ್ಷಣೆ. ಯಾರೂ ಗಂಟು ಹಾಕದಿದ್ದರೂ ಗಂಟು ಬಿದ್ದಂತಾಯಿತು. ಅಂಟು ಬೇಡ, ಜಿಡ್ಡು ಬೇಡ, ಎಳೆಗಳು ತಮ್ಮ ಬಾಗುವಿಕೆಯಿಂದಲೇ ಒಂದಕ್ಕೊಂದು ಬೀಗ ಹಾಕಿಕೊಳ್ಳುತ್ತವೆ. ಈ ಬೀಗ ಬೀಳುವುದು ನೀರು ಜೋರಾಗಿ ಓಡುವಾಗಲ್ಲ, ಓಡಿ ನಿಧಾನವಾಗುವಾಗ ಅನ್ನುವುದನ್ನು ಗಮನಿಸಿ. ಒಳಚರಂಡಿಯಲ್ಲಿ ನೀರು ನಿಧಾನವಾಗುವುದು ಎಲ್ಲಿ? ತಿರುವಿನಲ್ಲಿ, ಪೈಪು ತಗ್ಗಿಹೋದ ಕಡೆ, ಎರಡು ಪೈಪು ಸೇರುವ ಮ್ಯಾನ್‌ಹೋಲಿನಲ್ಲಿ. ಬೆಳಿಗ್ಗೆ ಎಂಟು ಗಂಟೆಯ ಸ್ನಾನದ ನೀರು ಹರಿದು ಮುಗಿದ ಮೇಲೆ ಎಲ್ಲ ಕಡೆ.

ಹಳೇ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಹಳೆಯ ಪೈಪುಗಳು ಜೇಡಿಮಣ್ಣನ್ನು ಸುಟ್ಟು ಮಾಡಿದ ತುಂಡುಗಳು, ಒಂದಕ್ಕೊಂದು ಜೋಡಿಸಿದವು. ವಯಸ್ಸಾದ ಜೋಡಣೆ ಸಡಿಲವಾದರೆ ಆ ಸಂದಿಯಲ್ಲಿ ಮರದ ಬೇರು ನುಗ್ಗುತ್ತದೆ. ಸಾಲುಮರಗಳೇ ಈ ಬಡಾವಣೆಗಳ ಚೆಲುವು, ಅದನ್ನು ನಾನು ದೂರುವುದಿಲ್ಲ. ಆದರೆ ಪೈಪಿನೊಳಗೆ ಇಳಿಬಿದ್ದ ಬೇರಿನ ಕುಚ್ಚಿಗೆ ಮೊದಲ ಕೂದಲು ಸಿಕ್ಕಿಕೊಂಡರೆ ಸಾಕು, ಆಮೇಲೆ ಬರುವ ಎಳೆಗಳಿಗೆ ಅದೇ ಕೊಕ್ಕೆ.

ಇನ್ನೊಂದು ಮಾತು. "ನಾರು ಸೇರಿದರೆ ನೀರು ಯಾವಾಗಲೂ ಮಂದವಾಗುತ್ತದೆ" ಅಂತ ನೀವು ಫಾರ್ವರ್ಡ್ ಮಾಡಿಬಿಟ್ಟರೆ ಅದೂ ಅರ್ಧಸತ್ಯ. ದೊಡ್ಡ ಪೈಪಿನಲ್ಲಿ ಬಹಳ ವೇಗವಾಗಿ ಓಡುವ ತೆಳು ನಾರುನೀರು ಬರೀ ನೀರಿಗಿಂತ ಸುಲಭವಾಗಿ ಹರಿಯುವುದುಂಟು. ನಾರು ನೀರಿನ ಸುಳಿಗಳನ್ನು ತಣಿಸುತ್ತದೆ, ಸುಳಿಯಲ್ಲಿ ವ್ಯರ್ಥವಾಗುವ ಶಕ್ತಿ ಉಳಿಯುತ್ತದೆ. ಎಳೆ ಹೆಚ್ಚು ಮೆತ್ತಗಾದರೆ ಮಂದತನ ಏರುತ್ತದೆಯೋ ಇಳಿಯುತ್ತದೆಯೋ ಅನ್ನುವ ಪ್ರಶ್ನೆಗೂ ಪ್ರಯೋಗಗಳು ಮತ್ತು ಕಂಪ್ಯೂಟರ್ ಲೆಕ್ಕಗಳು ಎರಡೂ ಕಡೆ ಉತ್ತರ ಕೊಟ್ಟಿವೆ. ಎಳೆ ಎಷ್ಟಿವೆ, ಮೊದಲೇ ಸುರುಳಿಯಾಗಿವೆಯೇ, ಒಂದಕ್ಕೊಂದು ಎಷ್ಟು ಉಜ್ಜುತ್ತವೆ ಅನ್ನುವುದರ ಮೇಲೆ ಅದು ನಿಂತಿದೆ. ಒಳಚರಂಡಿಯ ಪ್ರಶ್ನೆಗೆ ಮುಖ್ಯವಾದದ್ದು ಸರಾಸರಿ ಮಂದತನವಲ್ಲ. ಇಡೀ ನೀರು ಗಂಜಿಯಾಗಬೇಕಿಲ್ಲ, ಒಂದು ತಿರುವಿನಲ್ಲಿ ಒಂದು ಗಂಟು ಬಿದ್ದರೆ ಸಾಕು.

ಭದ್ರಾವತಿಗೆ ಗೊತ್ತಿದ್ದ ಗುಟ್ಟು

ಈ ಸಮಸ್ಯೆಯ ಜೊತೆ ದಿನಾ ಬದುಕುವವರು ಕಾಗದದ ಕಾರ್ಖಾನೆಯವರು. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್, ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಎರಡೂ ಇರುವುದು ನದಿಯ ದಡದಲ್ಲಿ. ಕಾಗದಕ್ಕೆ ಅಷ್ಟು ನೀರು ಯಾಕೆ ಬೇಕು? ಒಂದು ಮುಖ್ಯ ಕಾರಣ ನಾರಿನ ಈ ಸ್ವಭಾವ. ತಿರುಳನ್ನು ಜಾಲರಿಯ ಮೇಲೆ ಹರಡುವ ಮೊದಲು ಅದರಲ್ಲಿ ನಾರು ಶೇ 1ಕ್ಕಿಂತ ಕಡಿಮೆ ಆಗುವಷ್ಟು ನೀರು ಬೆರೆಸಬೇಕು, ಜೊತೆಗೆ ಕಲಕುತ್ತಲೇ ಇರಬೇಕು. ಇಲ್ಲದಿದ್ದರೆ ನಾರು ಗುಂಪುಕಟ್ಟಿ, ಕಾಗದ ಒಂದು ಕಡೆ ದಪ್ಪ ಒಂದು ಕಡೆ ತೂತು ಆಗುತ್ತದೆ. ಅಲ್ಲಿ ನಾರನ್ನು ಬಿಡಿಸಿಡಲು ಯಂತ್ರ, ನೀರು, ಎಂಜಿನಿಯರು ಎಲ್ಲ ಇದ್ದಾರೆ. ನಮ್ಮ ಬೀದಿಯ ಕೆಳಗೆ ಆರಿಂಚಿನ ಪೈಪು ಮತ್ತು ಇಳಿಜಾರು, ಅಷ್ಟೇ.

ಇದೇ ಗುಣ ಬೇಕಾದ ಕಡೆಯೂ ಇದೆ. ಮಣ್ಣಿನ ಗೋಡೆ ಕಟ್ಟುವಾಗ ಹುಲ್ಲು ತುಳಿದು ಸೇರಿಸುತ್ತಿದ್ದರು. ಅಂಗಳ ಸಾರಿಸುವ ಸೆಗಣಿ ಬಿರುಕು ಬಿಡದಂತೆ ಹಿಡಿಯುವುದರಲ್ಲಿ ಅದರೊಳಗಿನ ಹುಲ್ಲಿನ ನಾರಿಗೂ ಪಾಲಿದೆ. ನಾರು ಕೆಟ್ಟದ್ದಲ್ಲ, ಹೋಗಬಾರದ ಕಡೆ ಹೋಗಬಾರದು ಅಷ್ಟೇ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರಲ್ಲ, ಗಾಂಧಿ ಬಜಾರಿನಲ್ಲಿ ಮೊಳದ ಲೆಕ್ಕದಲ್ಲಿ ಕೊಂಡ ಹೂವಿನ ನಾರು ದೇವರ ಮನೆಯಿಂದ ಮಾರನೇ ದಿನ ಬಚ್ಚಲಿಗೆ ಹೋದರೆ ಸೇರುವುದು ಬೇರೆ ಲೋಕವನ್ನು. ಬಾಳೆನಾರಾದರೆ ಕೊನೆಗೊಮ್ಮೆ ಕೊಳೆಯುತ್ತದೆ. ಈಗಿನ ನೈಲಾನ್ ದಾರಕ್ಕೆ ಆ ಯೋಗವೂ ಇಲ್ಲ.

ವೆಟ್ ವೈಪ್ ಯಾಕೆ ಕರಗುವುದಿಲ್ಲ

ಟಿಶ್ಯೂ ಪೇಪರ್ ಮತ್ತು ವೆಟ್ ವೈಪ್ ನೋಡಲು ಅಕ್ಕತಂಗಿಯರಂತೆ ಇರುತ್ತವೆ. ಒಳಗೆ ಬೇರೆ ಬೇರೆ. ಟಾಯ್ಲೆಟ್ ಟಿಶ್ಯೂನಲ್ಲಿರುವುದು ಮರದ ಗಿಡ್ಡ ನಾರು. ಒಣಗಿದಾಗ ನಾರುನಾರಿನ ನಡುವೆ ಇರುವ ಹಿಡಿತ ನೀರು ತಾಗಿದ ಕೂಡಲೇ ಸಡಿಲವಾಗುತ್ತದೆ. ಟಿಶ್ಯೂ ಕರಗುವುದೂ ಇಲ್ಲ, ನಾರುನಾರಾಗಿ ಬಿಡಿಸಿಕೊಳ್ಳುತ್ತದೆ.

ವೈಪ್‌ಗಳಲ್ಲಿ ಬಹುಪಾಲು ಉದ್ದವಾದ ಪಾಲಿಯೆಸ್ಟರ್ ಅಥವಾ ವಿಸ್ಕೋಸ್ ಎಳೆಗಳಿರುತ್ತವೆ. ಇವನ್ನು ಬಟ್ಟೆಯಂತೆ ನೇಯುವುದಿಲ್ಲ. ಎಳೆಗಳ ಹಾಸಿನ ಮೇಲೆ ಸೂಜಿಯಷ್ಟು ತೆಳುವಾದ ನೀರಿನ ಧಾರೆಗಳನ್ನು ಭಾರೀ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಆ ಹೊಡೆತಕ್ಕೆ ಎಳೆಗಳು ಬಾಗಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಅಂದರೆ, ಎಳೆಗಳಿಗೆ ನೀರಿನಿಂದಲೇ ಬೀಗ ಹಾಕಿ ಮಾಡಿದ ವಸ್ತು ಅದು! ಡಬ್ಬಿಯಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇದ್ದು ಹರಿಯದ್ದು, ಫ್ಲಶ್ ಮಾಡಿದ ಹತ್ತು ಸೆಕೆಂಡಿನಲ್ಲಿ ಕರಗುತ್ತದೆ ಅಂತ ನಂಬುವುದು ಹೇಗೆ?

ನಂಬಬೇಡಿ, ಪರೀಕ್ಷೆ ಮಾಡಿ. ಎರಡು ಖಾಲಿ ಬಾಟಲಿಗೆ ಅರ್ಧ ನೀರು ತುಂಬಿ. ಒಂದಕ್ಕೆ ಟಾಯ್ಲೆಟ್ ಟಿಶ್ಯೂ, ಇನ್ನೊಂದಕ್ಕೆ ವೈಪ್ ಹಾಕಿ. ಮೂವತ್ತು ಸಲ ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಲ್ಲಾಡಿಸಿ. ವೈಪನ್ನು ಹೊರಗೆ ತೆಗೆದು ಹಿಂಡಿದರೆ ಮೇಜು ಒರೆಸಬಹುದು. ಈ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರೆ ನನ್ನ ಈ ಉದ್ದ ಬರಹಕ್ಕಿಂತ ಬೇಗ ಕೆಲಸವಾದೀತು.

ಬ್ರಿಟನ್ನಿನಲ್ಲಿ ನಿಜವಾಗಿ ಬಿಡಿಸಿಕೊಳ್ಳುವ ವೈಪ್‌ಗಳಿಗೆಂದು 2019ರಲ್ಲಿ ಒಂದು ವಿಶೇಷ ಗುರುತು ತಂದರು. 2024ರಲ್ಲಿ ಅದನ್ನೂ ಕೈಬಿಟ್ಟು, ಯಾವ ವೈಪೂ ಕಮೋಡಿಗೆ ಬೇಡ ಅನ್ನುವ ಒಂದೇ ಮಾತಿಗೆ ಬಂದರು. ಅವರಿಗೆ ಅನುಭವವಿತ್ತು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಕೆಳಗೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕದ ಕೊಬ್ಬಿನ ಬಂಡೆ ಸಿಕ್ಕಿತ್ತು. ಕೊಬ್ಬು ಒಂದೇ ಇದ್ದರೆ ಅಷ್ಟು ಗಟ್ಟಿಯಾಗದು. ಕಾಂಕ್ರೀಟಿಗೆ ಕಬ್ಬಿಣದ ಸರಳು ಹೇಗೋ ಕೊಬ್ಬಿಗೆ ವೈಪಿನ ನಾರು ಹಾಗೆ. ನಮ್ಮಲ್ಲಿ ಆ ಕೊಬ್ಬಿನ ಜಾಗಕ್ಕೆ ಕರಿದ ಎಣ್ಣೆ, ತುಪ್ಪ ಇವೆ. ವೈಪ್ ಕಡಿಮೆ ಇದ್ದರೆ ಸ್ಯಾನಿಟರಿ ಪ್ಯಾಡ್, ಡೈಪರ್, ನೆಲ ಒರೆಸುವ ಬಟ್ಟೆಯ ಚೂರು, ಪಾತ್ರೆ ತಿಕ್ಕುವ ತೆಂಗಿನ ನಾರು ಇವೆ.

ಹಾಗಾದರೆ ಸೋಡಾ, ವಿನಿಗರ್?

ಎರಡೂ ಸೇರಿದಾಗ ಬುಸ್ಸನೆ ನೊರೆ ಬರುತ್ತದೆ, ನೋಡಲು ಚೆನ್ನ. ನೊರೆ ಅಂದರೆ ಕಾರ್ಬನ್ ಡೈಆಕ್ಸೈಡ್. ಆಮ್ಲ ಕ್ಷಾರ ಎರಡೂ ಒಂದನ್ನೊಂದು ಮುಗಿಸಿಕೊಂಡು ಕೊನೆಗೆ ಉಳಿಯುವುದು ಸ್ವಲ್ಪ ಉಪ್ಪಿನ ನೀರು. ಜಾಲರಿಯ ಮೇಲಿನ ಲೋಳೆ ಸ್ವಲ್ಪ ಸಡಿಲವಾಗಬಹುದು, ವಾಸನೆ ಕಡಿಮೆಯಾಗಬಹುದು. ಕೂದಲು, ಹತ್ತಿ, ಪಾಲಿಯೆಸ್ಟರ್ ಇವು ಮೂರಕ್ಕೂ ಅದು ಏನೂ ಮಾಡುವುದಿಲ್ಲ. ಬಿಸಿನೀರು ಜಿಡ್ಡನ್ನು ಕರಗಿಸಿ ಮುಂದೆ ಕಳಿಸುತ್ತದೆ, ತಣ್ಣಗಾದ ಕಡೆ ಅದು ಮತ್ತೆ ಕೂರುತ್ತದೆ. ನಿಮ್ಮ ಮನೆಯ ತೊಂದರೆ ಬೀದಿಯ ತೊಂದರೆ ಆಯಿತು ಅಷ್ಟೇ.

ಕಾಸ್ಟಿಕ್ ಸೋಡಾ ಇರುವ ಪುಡಿಗಳು ಕೂದಲನ್ನು ನಿಧಾನವಾಗಿ ಕರಗಿಸುತ್ತವೆ, ನಿಜ. ಪಾಲಿಯೆಸ್ಟರ್ ಗಂಟಿಗೆ ಅಷ್ಟು ಹೊತ್ತಿನಲ್ಲಿ ಏನೂ ಆಗದು. ಕೈಗೆ, ಕಣ್ಣಿಗೆ ತಾಗಿದರೆ ಸುಟ್ಟಗಾಯ. ಅದರಿಂದ ಆಗಲಿಲ್ಲ ಅಂತ ಆಸಿಡ್, ಆಮೇಲೆ ಬ್ಲೀಚಿಂಗ್ ಪುಡಿ ಅಂತ ಒಂದರ ಮೇಲೊಂದು ಸುರಿಯಬೇಡಿ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಹಾಕಿದ ಬಚ್ಚಲಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಬಚ್ಚಲಿನ ತೂತಿನಲ್ಲಿ ಸಿಕ್ಕಿಕೊಂಡ ಕೂದಲಿಗೆ ಮದ್ದು ರಸಾಯನಶಾಸ್ತ್ರವಲ್ಲ, ಒಂದು ಕೊಕ್ಕೆ. ತುದಿ ಬಗ್ಗಿಸಿದ ತಂತಿ ಹಾಕಿ ತಿರುಗಿಸಿ ಎಳೆದರೆ, ಯಾವ ಗುಣದಿಂದ ಕೂದಲು ಗಂಟಾಯಿತೋ ಅದೇ ಗುಣದಿಂದ ಇಡೀ ಗಂಟು ಹೊರಗೆ ಬರುತ್ತದೆ. ಅಸಹ್ಯ ಅನ್ನಿಸುತ್ತದೆ, ಹೌದು.

ಗಂಟು ಬಿಡಿಸುವವರು ಯಾರು

ಬೀದಿಯ ಪೈಪು ಕಟ್ಟಿಕೊಂಡಾಗ ಜಲಮಂಡಳಿ ಜೆಟ್ಟಿಂಗ್ ಯಂತ್ರ ತರುತ್ತದೆ. ಭಾರೀ ಒತ್ತಡದ ನೀರಿನಿಂದ ಮರಳು, ಕೆಸರು ಸಲೀಸಾಗಿ ಕೊಚ್ಚಿಹೋಗುತ್ತವೆ. ನಾರಿನ ಗಂಟು ಹಾಗಲ್ಲ. ಅದು ಬಾಗಿ ನೀರಿಗೆ ದಾರಿ ಬಿಟ್ಟು ಮತ್ತೆ ಮುಚ್ಚಿಕೊಳ್ಳಬಹುದು, ಅಥವಾ ಸರಿದು ಮುಂದಿನ ಮ್ಯಾನ್‌ಹೋಲಿನಲ್ಲಿ ಕೂರಬಹುದು. ಆಗ ಬಿದಿರ ದಬ್ಬೆ, ಕೊಕ್ಕೆ. ಅದೂ ಆಗದಿದ್ದರೆ "ಸ್ವಲ್ಪ ಇಳಿದು ಕೈಯಲ್ಲಿ ಎಳೆದುಬಿಡಪ್ಪ" ಅನ್ನುವ ಮಾತು ಬರುತ್ತದೆ. ಖಾಸಗಿ ಅಪಾರ್ಟ್‌ಮೆಂಟು, ಹೋಟೆಲು, ಮನೆಗಳಲ್ಲಿ ಆ ಮಾತು ಇನ್ನೂ ಬೇಗ ಬರುತ್ತದೆ.

ಕಟ್ಟಿಕೊಂಡ ಒಳಚರಂಡಿಯಲ್ಲಿ ಗಾಳಿಯಾಡುವುದಿಲ್ಲ. ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ, ವಾಸನೆ ಬರುವುದು ನಿಲ್ಲುತ್ತದೆ. ಇಳಿದವರು ವಾಸನೆ ಹೋಯಿತು ಅಂದುಕೊಳ್ಳುವ ಹೊತ್ತೇ ಅತಿ ಅಪಾಯದ ಹೊತ್ತು. ಗಂಟನ್ನು ಎಳೆದಾಗ ಅದರ ಹಿಂದೆ ಕಟ್ಟಿಕೊಂಡಿದ್ದ ನೀರು, ಅನಿಲ ಎರಡೂ ಒಟ್ಟಿಗೆ ನುಗ್ಗುತ್ತವೆ. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯುತ್ತಾರೆ. 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಕಡೆ ಒಂದೇ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು.

ಹೀಗೆ ಇಳಿಸುವುದು ಕಾನೂನುಬಾಹಿರ. ಮಲ ಹೊರುವ ಪದ್ಧತಿಯನ್ನೂ, ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ ನಿಷೇಧಿಸಿದ ಕಾಯ್ದೆ 2013ರದು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಇದು ಪೂರ್ತಿ ನಿಲ್ಲಬೇಕು ಅಂತ ಆದೇಶಿಸಿತು. ಒಳಗೆ ಇಳಿಯುವವರು ಹೆಚ್ಚಾಗಿ ಯಾವ ಸಮುದಾಯದವರು ಅನ್ನುವುದು ಕನ್ಸರ್ವೆನ್ಸಿ ಲೇನಿನ ಕಾಲದಿಂದ ಬದಲಾಗಿಲ್ಲ. ಅವರು ದಲಿತರು. ಜವಾಬ್ದಾರಿ ಮೊದಲು ಇಳಿಸುವವರದು, ಯಂತ್ರ ಒದಗಿಸದವರದು. ಒಂದು ವೈಪ್ ಹಾಕಿದ ಮನೆಯವರದೇ ಎಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಯಂತ್ರಕ್ಕೆ ಬಗ್ಗದೆ ಮನುಷ್ಯನ ಕೈಯನ್ನು ಕೇಳುವ ಕಟ್ಟು ಬಹಳ ಸಲ ನಾರಿನದು. ಆ ನಾರು ಬಂದದ್ದು ಮನೆಗಳಿಂದ.

ನಾವು ಮಾಡಬಹುದಾದದ್ದು

ಕಮೋಡಿಗೆ ಮಲ, ಮೂತ್ರ, ನೀರು, ಬೇಕಿದ್ದರೆ ಟಾಯ್ಲೆಟ್ ಟಿಶ್ಯೂ, ಇಷ್ಟೇ. ಪ್ಯಾಕೆಟಿನ ಮೇಲೆ ಏನೇ ಬರೆದಿರಲಿ ವೈಪ್ ಕಸದ ಬುಟ್ಟಿಗೆ. ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕಸದ ಆಟೋಗೆ ಕೊಡಿ. ಬಚ್ಚಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ತಲೆಗೆ ನೀರು ಹಾಕಿಕೊಂಡ ದಿನ ಜಾಲರಿಯ ಮೇಲಿನ ಕೂದಲನ್ನು ತೆಗೆದು ಒಣಕಸಕ್ಕೆ ಹಾಕಿ. ಬಾಡಿದ ಹೂವನ್ನು ಗಿಡದ ಬುಡಕ್ಕೆ, ದಾರವನ್ನು ಕಸಕ್ಕೆ. ಕರಿದ ಎಣ್ಣೆ ಸಿಂಕಿಗೆ ಬೇಡ.

ಬೀದಿಯ ಮ್ಯಾನ್‌ಹೋಲ್ ಉಕ್ಕಿದರೆ ಜಲಮಂಡಳಿಯ ಸಹಾಯವಾಣಿ 1916. ದೂರು ಕೊಡುವಾಗ "ಯಂತ್ರ ಕಳಿಸಿ" ಅಂತ ಬಾಯಿಬಿಟ್ಟು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಂದವರಲ್ಲಿ ಯಾರನ್ನಾದರೂ ಒಳಗೆ ಇಳಿಸಲು ಹೊರಟರೆ ತಡೆಯಿರಿ. ನಿಮ್ಮ ಅಪಾರ್ಟ್‌ಮೆಂಟಿನವರೇ ಯಾರನ್ನಾದರೂ ಕರೆತಂದಿದ್ದರೂ ಅದೇ ಕಾನೂನು ಅನ್ವಯಿಸುತ್ತದೆ. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ, ಬೇರೆಯವರನ್ನೂ ಇಳಿಸಬೇಡಿ. 112ಕ್ಕೆ ಕರೆ ಮಾಡಿ, ಒಳಗೆ ಅನಿಲ ಇರಬಹುದು ಅಂತ ಮೊದಲ ವಾಕ್ಯದಲ್ಲೇ ತಿಳಿಸಿ.